ಉತ್ತರ ಕನ್ನಡದಲ್ಲಿ ಕ್ಯಾಮೆರಾ ಹಿಡಿದು ತಿರುಗುವವರು ಪದೇ ಪದೇ ಕೇಳುವ ಪ್ರಶ್ನೆಗಳು

ನನ್ನ ಮನೆ ಶಿರಸಿಯಲ್ಲಿ. ಘಟ್ಟದ ಮೇಲೂ ಕೆಳಗೂ ಕ್ಯಾಮೆರಾ ಹಿಡಿದು ತಿರುಗುವುದು ಬಹಳ ವರ್ಷದ ರೂಢಿ. ರಜೆ ಹತ್ತಿರ ಬಂದರೆ ಸಾಕು, ಸ್ನೇಹಿತರು, ಅವರ ಸ್ನೇಹಿತರು ಫೋನ್ ಮಾಡುತ್ತಾರೆ. ಎಲ್ಲಿಗೆ ಹೋಗೋದು, ಯಾವಾಗ ಬರೋದು, ಗುಡಿಯೊಳಗೆ ತೆಗೆಯಬಹುದಾ, ಮುಂಡಗೋಡದ ಟಿಬೆಟನ್ ಲಾಮಾಗಳು ಬೈತಾರಾ ಅಂತೆಲ್ಲ ಕೇಳುತ್ತಾರೆ. ಜಾಸ್ತಿ ಬಂದ ಪ್ರಶ್ನೆಗಳನ್ನೂ ನಾನು ಕೊಡುವ ಉತ್ತರಗಳನ್ನೂ ಇಲ್ಲಿ ಬರೆದಿಟ್ಟಿದ್ದೇನೆ.

ಯಾವ ಕಾಲದಲ್ಲಿ ಬಂದರೆ ಒಳ್ಳೆಯದು?

ನಿಮಗೆ ಏನು ಬೇಕು ಅನ್ನುವುದರ ಮೇಲೆ ಹೋಗುತ್ತದೆ. ಆದರೆ ಹೆಚ್ಚಿನವರು ಮಳೆಗಾಲ ಬಿಟ್ಟು ಬರುತ್ತಾರೆ, ಅದೊಂದು ನಷ್ಟ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಮೋಡವೇ ಲೈಟು. ಮುಖದ ಮೇಲೆ ಗಟ್ಟಿ ನೆರಳು ಬೀಳುವುದಿಲ್ಲ. ಮಧ್ಯಾಹ್ನ ಹನ್ನೆರಡಕ್ಕೂ ಒಳ್ಳೆಯ ಫೋಟೋ ಬರುತ್ತದೆ. ಗದ್ದೆ ನಾಟಿ ನಡೆಯುವುದು ಆಗಲೇ. ಅಡಿಕೆ ತೋಟದಲ್ಲಿ ಮರ ಹತ್ತುವ ಕೊನೆಗೌಡರು ಮರದಿಂದ ಮರಕ್ಕೆ ದಾಟುತ್ತ ಕೊಳೆರೋಗಕ್ಕೆ ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಹೊಡೆಯುತ್ತಾರೆ. ಆ ತಿಳಿನೀಲಿ ಬಣ್ಣ ಎಲೆ, ಕಾಂಡ, ಅಂಗಿ, ಕೈ ಎಲ್ಲದಕ್ಕೂ ಹತ್ತಿರುತ್ತದೆ. ಹಸಿರಿನ ನಡುವೆ ಅಂಥ ನೀಲಿ ಬೇರೆ ಯಾವಾಗಲೂ ಸಿಗುವುದಿಲ್ಲ.

ನವೆಂಬರ್‌ನಿಂದ ಫೆಬ್ರವರಿವರೆಗೆ ಬೆಳಗಿನ ಇಬ್ಬನಿ, ಅಡಿಕೆ ಕೊಯ್ಲು, ಆಲೆಮನೆ, ಬಯಲಾಟ. ಮಾರ್ಚ್‌ನಲ್ಲಿ ಹೋಳಿ ಹೊತ್ತಿಗೆ ಕರಾವಳಿಯಲ್ಲಿ ಸುಗ್ಗಿ ಕುಣಿತ. ಏಪ್ರಿಲ್, ಮೇ ತಿಂಗಳಲ್ಲಿ ಆಕಾಶ ಬೆಳ್ಳಗಾಗಿ, ದೂರದ ಬೆಟ್ಟ ಕಾಣುವುದಿಲ್ಲ.

ಮೀನುಗಾರಿಕೆ ತೆಗೆಯುವವರಿಗೆ ಒಂದು ಮಾತು. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ದೋಣಿಗಳಿಗೆ ನಿಷೇಧ ಇರುತ್ತದೆ. ಆಗ ಬಂದರುಗಳಲ್ಲಿ ಬೋಟುಗಳು ಸಾಲಾಗಿ ನಿಂತಿರುತ್ತವೆ, ಬಲೆ ಹೆಣೆಯುವ ಕೆಲಸ ನಡೆಯುತ್ತದೆ. ಕಡಲಿಗೆ ಇಳಿಯುವ ಗಡಿಬಿಡಿ ಬೇಕು ಅಂದರೆ ಆಗಸ್ಟ್‌ನಲ್ಲಿ ಬನ್ನಿ.

ನಾಲ್ಕೈದು ದಿನ ಮಾತ್ರ ಇದೆ. ಎಲ್ಲಿಂದ ಶುರು ಮಾಡಲಿ?

ಘಟ್ಟದ ಮೇಲಿನಿಂದ. ಶಿರಸಿಯಲ್ಲಿ ಉಳಿದು ಒಂದು ದಿನ ಸೋಂದಾ ಮತ್ತು ಸಹಸ್ರಲಿಂಗ, ಒಂದು ದಿನ ಬನವಾಸಿ, ಒಂದು ದಿನ ಮುಂಡಗೋಡ. ಆಮೇಲೆ ದೇವಿಮನೆ ಘಟ್ಟ ಇಳಿದು ಕುಮಟಾ, ಅಲ್ಲಿಂದ ದಕ್ಷಿಣಕ್ಕೆ ಹೊನ್ನಾವರ, ಭಟ್ಕಳ. ಇಲ್ಲಾ ಉತ್ತರಕ್ಕೆ ಗೋಕರ್ಣ, ಅಂಕೋಲಾ, ಕಾರವಾರ. ಎರಡೂ ದಿಕ್ಕು ಒಂದೇ ಸಲ ಮಾಡಲು ಹೋಗಬೇಡಿ. ಕಾರಿನ ಕಿಟಕಿಯ ಫೋಟೋ ಮಾತ್ರ ಉಳಿಯುತ್ತದೆ.

ಒಂದೇ ದಿನ ಇದ್ದರೆ ಸೋಂದಾಕ್ಕೆ ಹೋಗಿ. ಬೇರೆ ಏನೂ ಬೇಡ.

ಸೋಂದಾದಲ್ಲಿ ಅಂಥದ್ದೇನಿದೆ?

ಶಿರಸಿಯಿಂದ ಸುಮಾರು 20 ಕಿಲೋಮೀಟರ್. ಸೋದೆ ಅಂತಲೂ ಕರೆಯುತ್ತಾರೆ, ಸೋದೆ ಅರಸರ ರಾಜಧಾನಿ ಆಗಿದ್ದ ಊರು. ಅಲ್ಲಿ ಮೂರು ಮಠಗಳಿವೆ. ವಾದಿರಾಜರ ವೃಂದಾವನ ಇರುವ ಸೋದೆ ಮಠ ಮಾಧ್ವರದು. ಸ್ವರ್ಣವಲ್ಲಿ ಅದ್ವೈತ ಮಠ, ಹವ್ಯಕರ ನಡುವೆ ದೊಡ್ಡ ಹೆಸರು. ಸ್ವಾದಿ ಮಠ ದಿಗಂಬರ ಜೈನರದು. ಜೀವ ಬೇರೆ ದೇವರು ಬೇರೆ ಅನ್ನುವವರು, ಎರಡೂ ಒಂದೇ ಅನ್ನುವವರು, ಸೃಷ್ಟಿ ಮಾಡಿದ ದೇವರೇ ಇಲ್ಲ ಅನ್ನುವವರು, ಮೂವರೂ ಒಂದೇ ಕಾಡಿನ ದಾರಿಯಲ್ಲಿ ನಡೆದಿದ್ದಾರೆ. ಒಂದೇ ಮಳೆಗೆ ಮೂರೂ ಮಠದ ಗೋಡೆ ಹಾವಸೆ ಕಟ್ಟುತ್ತದೆ.

ಅಲ್ಲಿ ನಾನು ಹುಡುಕುವುದು ದೊಡ್ಡ ಕಟ್ಟಡದ ಚಿತ್ರವನ್ನಲ್ಲ. ಊಟದ ಹೊತ್ತಿಗೆ ಹಾಕುವ ಬಾಳೆಎಲೆ ಸಾಲು, ಒದ್ದೆ ಪಂಚೆ ಒಣಗಿಸಿದ ಹಗ್ಗ, ಜೈನ ಮಠದ ಕಲ್ಲು ಮೆಟ್ಟಿಲ ಮೇಲೆ ಬಿದ್ದ ಬಿಸಿಲು, ಇವನ್ನು ನೋಡುತ್ತಾ ಕೂರುತ್ತೇನೆ. ಬೆಳಗ್ಗೆ ಆರಕ್ಕೆ ಹೋಗಿ ಹತ್ತರವರೆಗೆ ಸುಮ್ನೆ ಇದ್ದರೆ ಏನಾದರೂ ಸಿಕ್ಕೇ ಸಿಗುತ್ತದೆ. ಮಠದವರನ್ನು ಮೊದಲು ಮಾತಾಡಿಸಿ. ಎಲ್ಲಿ ತೆಗೆಯಬಹುದು, ಎಲ್ಲಿ ಬೇಡ ಅಂತ ಅವರೇ ಹೇಳುತ್ತಾರೆ.

ಸಹಸ್ರಲಿಂಗ ಅಲ್ಲೇ ಹತ್ತಿರ. ಶಾಲ್ಮಲಾ ನದಿಯ ಬಂಡೆಗಳ ಮೇಲೆ ಕೆತ್ತಿದ ಲಿಂಗಗಳು, ನಂದಿಗಳು. ಮಳೆಗಾಲದಲ್ಲಿ ಎಲ್ಲ ಮುಳುಗಿರುತ್ತದೆ. ಡಿಸೆಂಬರ್‌ನಿಂದ ಮಾರ್ಚ್ ಒಳಗೆ ಹೋಗಬೇಕು. ಬಿಸಿಲು ಓರೆಯಾಗಿ ಬೀಳುವ ಬೆಳಗಿನಲ್ಲಿ ಕೆತ್ತನೆ ಎದ್ದು ಕಾಣುತ್ತದೆ, ನೆತ್ತಿಯ ಬಿಸಿಲಿಗೆ ಬಂಡೆ ಚಪ್ಪಟೆ ಆಗಿಬಿಡುತ್ತದೆ. ಲಿಂಗದ ಮೇಲೆ ಕಾಲಿಟ್ಟು ಪೋಸ್ ಕೊಡುವವರನ್ನು ನೋಡಿದ್ದೇನೆ. ದಯವಿಟ್ಟು ಬೇಡ. ಶಿವರಾತ್ರಿಯ ದಿನ ಜನ ಅದೇ ಲಿಂಗಕ್ಕೆ ಕೈಯಾರೆ ನೀರೆರೆದು ಹೋಗುತ್ತಾರೆ.

ದೇವಸ್ಥಾನದ ಒಳಗೆ ಫೋಟೋ ತೆಗೆಯಬಹುದಾ?

ಗರ್ಭಗುಡಿ ಎಲ್ಲೂ ಬೇಡ. ಕೇಳುವುದೂ ಬೇಡ.

ಅದರಾಚೆಗೆ ಒಂದೊಂದು ಕಡೆ ಒಂದೊಂದು ಪದ್ಧತಿ. ಗೋಕರ್ಣದ ಮಹಾಬಲೇಶ್ವರ ದೇವಸ್ಥಾನದ ಒಳಗೆ ಕ್ಯಾಮೆರಾ ಬಿಡುವುದಿಲ್ಲ. ಆದರೆ ರಥಬೀದಿ, ಕೋಟಿತೀರ್ಥದ ಮೆಟ್ಟಿಲು, ಶಿವರಾತ್ರಿಯ ದೊಡ್ಡ ತೇರು ಎಲ್ಲವೂ ಬಯಲಲ್ಲೇ ಇವೆ. ಕೋಟಿತೀರ್ಥದಲ್ಲಿ ಪಿತೃಕಾರ್ಯ ಮಾಡುವವರು ಇರುತ್ತಾರೆ. ಅಪ್ಪನನ್ನೋ ಅಮ್ಮನನ್ನೋ ಕಳೆದುಕೊಂಡು ತಲೆ ಬೋಳಿಸಿ ಕೂತವರ ಮುಖಕ್ಕೆ ಲೆನ್ಸ್ ಹಿಡಿಯುವುದು ನನಗೆ ಯಾವತ್ತೂ ಸರಿ ಕಂಡಿಲ್ಲ.

ಬನವಾಸಿಯ ಮಧುಕೇಶ್ವರ ದೇವಸ್ಥಾನ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿದೆ, ಜೊತೆಗೆ ಪೂಜೆಯೂ ನಡೆಯುತ್ತದೆ. ಅಂಗಳ, ಕಂಬಗಳು, ಕಲ್ಲಿನ ಮಂಚ, ನಂದಿ ಇವುಗಳನ್ನು ಕೈಯಲ್ಲೇ ಕ್ಯಾಮೆರಾ ಹಿಡಿದು ತೆಗೆಯಲು ಸಾಮಾನ್ಯವಾಗಿ ತೊಂದರೆ ಇಲ್ಲ. ಟ್ರೈಪಾಡ್ ಹಾಕಬೇಕಾದರೆ ಇಲಾಖೆಯಿಂದ ಮೊದಲೇ ಒಪ್ಪಿಗೆ ಪಡೆಯಬೇಕು. ನುಣುಪಾದ ಕಂಬಗಳಲ್ಲಿ ನಿಮ್ಮದೇ ಬಿಂಬ ಕಾಣುತ್ತದೆ, ಅದಕ್ಕೆ ಸ್ವಲ್ಪ ಓರೆ ನಿಲ್ಲಿ.

ಬನವಾಸಿಯಲ್ಲಿ ಹೆಚ್ಚಿನವರು ನೋಡದೇ ಬರುವ ಒಂದು ಕಲ್ಲಿದೆ. ಐದು ಹೆಡೆಯ ನಾಗರಕಲ್ಲು. ಅದರ ಅಂಚಿನಲ್ಲಿ ಬ್ರಾಹ್ಮಿ ಲಿಪಿಯ ಪ್ರಾಕೃತ ಶಾಸನ ಇದೆ. ರಾಜಕುಮಾರಿಯೊಬ್ಬಳು ನಾಗ, ಕೆರೆ ಮತ್ತು ವಿಹಾರವನ್ನು ಮಾಡಿಸಿಕೊಟ್ಟಳು ಅಂತ ಅದರಲ್ಲಿ ಬರೆದಿದೆ. ಕದಂಬರಿಗಿಂತ ಹಿಂದಿನ ಕಾಲದ್ದು. ಒಂದೇ ಕಲ್ಲಿನಲ್ಲಿ ನಾಗನೂ ಇದ್ದಾನೆ, ವಿಹಾರವೂ ಇದೆ. ಮುಂಡಗೋಡದ ಲಾಮಾಗಳನ್ನು ನೋಡಿ "ಇಲ್ಲಿಗೆ ಬೌದ್ಧರು ಈಗ ಬಂದರು" ಅನ್ನುವವರಿಗೆ ನಾನು ಆ ಕಲ್ಲನ್ನೇ ತೋರಿಸುತ್ತೇನೆ.

ಮಾರಿಕಾಂಬಾ ಜಾತ್ರೆಗೆ ಬರಬೇಕು. ಎಲ್ಲಿ ನಿಂತರೆ ಚಿತ್ರ ಸಿಗುತ್ತದೆ?

ಜಾತ್ರೆ ಎರಡು ವರ್ಷಕ್ಕೊಮ್ಮೆ. ಹಾಗಾಗಿ ದಿನ ಮೊದಲೇ ನೋಡಿಕೊಂಡು ಬನ್ನಿ. ಶಿರಸಿಯಲ್ಲಿ ರೂಮು ಸಿಗುವುದಿಲ್ಲ, ಪರಿಚಯದವರ ಮನೆ ಇದ್ದರೆ ಈಗಲೇ ಹೇಳಿಡಿ.

ರಾತ್ರಿ ದೇವಿಯ ಕಲ್ಯಾಣ. ಮರುದಿನ ಬೆಳಗ್ಗೆ ತೇರು ದೇವಸ್ಥಾನದಿಂದ ಹೊರಟು ಬಿಡ್ಕಿಬೈಲಿನ ಗದ್ದುಗೆಗೆ ಬರುತ್ತದೆ. ಆ ಬೆಳಗು ಇಡೀ ಶಿರಸಿ ಬೀದಿಯಲ್ಲಿರುತ್ತದೆ. ಬಾಳೆಹಣ್ಣು, ಕೋಳಿ, ಉತ್ತುತ್ತಿ ತೇರಿನ ಕಡೆ ಹಾರುತ್ತವೆ. ನಾನು ಬೀದಿಯಲ್ಲಿ ನಿಲ್ಲುವುದಿಲ್ಲ. ಅಂಗಡಿ ಮಾಳಿಗೆಯವರನ್ನು ಹಿಂದಿನ ದಿನವೇ ಕೇಳಿಕೊಂಡು ಮೇಲಿಂದ ತೆಗೆಯುತ್ತೇನೆ. ಅಗಲದ ಲೆನ್ಸ್ ಒಂದು, 85ರಿಂದ 200 ಎಂಎಂ ನಡುವಿನದು ಒಂದು ಸಾಕು. ಲೆನ್ಸ್ ಬದಲಿಸಲು ಹೋಗಬೇಡಿ, ಕುಂಕುಮದ ಧೂಳು ನೇರ ಸೆನ್ಸರ್ ಮೇಲೆ ಕೂರುತ್ತದೆ.

ಮೊದಲ ಜಾತ್ರೆಯಲ್ಲಿ ನಾನೊಂದು ತಪ್ಪು ಮಾಡಿದ್ದೆ. ಗದ್ದುಗೆಯ ಎದುರು ಒಬ್ಬ ತಾಯಿ ಕೂಸನ್ನು ದೇವಿಗೆ ತೋರಿಸುತ್ತಾ ಅಳುತ್ತಿದ್ದಳು. ಹತ್ತಿರ ಹೋಗಿ ಫ್ಲಾಶ್ ಹೊಡೆದೆ. ಆಕೆ ಬೆಚ್ಚಿ ಕೂಸನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. ಫೋಟೋ ಚೆನ್ನಾಗಿಯೇ ಬಂದಿತ್ತು. ಯಾರಿಗೂ ತೋರಿಸಲು ಮನಸ್ಸು ಬರಲಿಲ್ಲ. ಆವತ್ತಿನಿಂದ ಪೂಜೆ ಇರುವ ಜಾಗಕ್ಕೆ ಫ್ಲಾಶ್ ಒಯ್ಯುವುದಿಲ್ಲ.

ಇನ್ನೊಂದು ವಿಷಯ ತಿಳಿದಿದ್ದರೆ ಒಳ್ಳೆಯದು. ಈ ಜಾತ್ರೆಯಲ್ಲಿ ಮೊದಲು ಕೋಣನ ಬಲಿ ಇತ್ತು. 1934ರಲ್ಲಿ ಗಾಂಧೀಜಿ ಶಿರಸಿಗೆ ಬಂದ ಹೊತ್ತಿಗೆ ಅದರ ವಿರುದ್ಧ ದೊಡ್ಡ ಮಾತು ಎದ್ದಿತು, ಮುಂದೆ ಆ ಬಲಿ ನಿಂತಿತು. ಹಳೆಯ ಪದ್ಧತಿ ಬದಲಾಗುವುದಿಲ್ಲ ಅನ್ನುವ ಮಾತಿಗೆ ನಮ್ಮ ಊರಿನವರು ಈ ಕಥೆ ಹೇಳುತ್ತಾರೆ.

ಮಾರಿಗುಡಿಯ ಗೋಡೆಯ ಕೆಂಪು ಚಿತ್ರಗಳು ಯಾವುವು?

ಕಾವಿ ಕಲೆ. ಬಿಳಿ ಸುಣ್ಣದ ಗಾರೆಯ ಮೇಲೆ ಕೆಮ್ಮಣ್ಣಿನ ಪದರ ಬಳಿದು, ಹಸಿ ಇರುವಾಗಲೇ ಚೂಪಾದ ಮೊನೆಯಿಂದ ಕೆರೆದು ಕೆಳಗಿನ ಬಿಳಿ ಕಾಣಿಸುತ್ತಾರೆ. ಗೋವಾ ಮತ್ತು ನಮ್ಮ ಜಿಲ್ಲೆಯ ಹಳೆಯ ಗುಡಿಗಳಲ್ಲಿ ಇದು ಜಾಸ್ತಿ. ಬಹಳ ಕಡೆ ಜೀರ್ಣೋದ್ಧಾರದ ಹೆಸರಲ್ಲಿ ಗೋಡೆಗೆ ಬಣ್ಣ ಬಳಿದು, ಟೈಲ್ಸ್ ಹಾಕಿ ಮುಚ್ಚಿದ್ದಾರೆ. ನಿಮ್ಮ ಊರಿನ ಗುಡಿಯಲ್ಲಿ ಇದ್ದರೆ ಮುಂದಿನ ದುರಸ್ತಿಗೆ ಮೊದಲೇ ಪೂರ್ತಿ ಗೋಡೆಯನ್ನು ಭಾಗ ಭಾಗವಾಗಿ ತೆಗೆದಿಡಿ. ಗೋಡೆಗೆ ಸಮ ನಿಂತು, ಬದಿಯಿಂದ ಬರುವ ಬೆಳಕಿನಲ್ಲಿ ತೆಗೆದರೆ ಕೆರೆದ ಗೆರೆಯ ಆಳವೂ ಗೊತ್ತಾಗುತ್ತದೆ.

ಮುಂಡಗೋಡದ ಟಿಬೆಟನ್ ಕ್ಯಾಂಪಿಗೆ ಯಾರು ಬೇಕಾದರೂ ಹೋಗಬಹುದಾ?

ನಾವು ಭಾರತೀಯರು ಹೋಗಬಹುದು. ವಿದೇಶಿಯರು ಅಲ್ಲಿ ಉಳಿಯಬೇಕಾದರೆ ವಿಶೇಷ ಪರವಾನಗಿ ಬೇಕು, ಅದನ್ನು ತಿಂಗಳುಗಳ ಮೊದಲೇ ಕೇಳಬೇಕು. ನಿಮ್ಮ ಜೊತೆ ಹೊರದೇಶದ ಗೆಳೆಯರಿದ್ದರೆ ಮರೆಯಬೇಡಿ.

1966ರಲ್ಲಿ ಶುರುವಾದ ನೆಲೆ ಇದು. ಕಾಡು ಕಡಿದು, ಮೆಕ್ಕೆಜೋಳ ಬಿತ್ತಿ ಊರು ಕಟ್ಟಿದವರ ಮೊಮ್ಮಕ್ಕಳು ಈಗ ಮುಂಡಗೋಡ ಪೇಟೆಯಲ್ಲಿ ಕನ್ನಡ ಮಾತಾಡಿ ತರಕಾರಿ ಕೊಳ್ಳುತ್ತಾರೆ. ಲ್ಹಾಸಾ ಹತ್ತಿರ 1409ರಲ್ಲಿ ಹುಟ್ಟಿದ ಗಾಂಡೆನ್, 1416ರಲ್ಲಿ ಹುಟ್ಟಿದ ಡ್ರೆಪುಂಗ್, ಎರಡೂ ವಿಹಾರಗಳು ಇಲ್ಲಿ ಮತ್ತೆ ನೆಲೆ ಕಂಡಿವೆ. ಊರವರು ಲಾಮಾ ಕ್ಯಾಂಪ್ ಒಂದು, ಎರಡು ಅಂತ ಕರೆಯುತ್ತಾರೆ.

ಅಲ್ಲಿ ನೋಡಲೇಬೇಕಾದ್ದು ಭಿಕ್ಷುಗಳ ವಾದ. ಕೂತವನು ಉತ್ತರ ಕೊಡಬೇಕು, ನಿಂತವನು ಪ್ರಶ್ನೆ ಹಾಕಿ ಎಡಗಾಲು ನೆಲಕ್ಕೆ ಅಪ್ಪಳಿಸಿ ಅಂಗೈಗೆ ಅಂಗೈ ಹೊಡೆಯುತ್ತಾನೆ. ಆ ಚಪ್ಪಾಳೆ ಎಲ್ಲರೂ ತೆಗೆಯುವ ಫೋಟೋ. ಶಟರ್ ವೇಗ 1/500 ಸೆಕೆಂಡ್ ಇಟ್ಟರೆ ಕೈ ಗಾಳಿಯಲ್ಲಿ ನಿಲ್ಲುತ್ತದೆ, 1/30 ಇಟ್ಟರೆ ಕಾವಿ ಬಟ್ಟೆ ಅಲೆಯ ಹಾಗೆ ಹರಿಯುತ್ತದೆ. ಆದರೆ ನನಗೆ ಕೂತವನ ಮುಖ ಇಷ್ಟ. ಉತ್ತರ ಹುಡುಕುವ ಹದಿನೆಂಟರ ಹುಡುಗನ ಮುಖ ಅದು, ಪರೀಕ್ಷೆಗೆ ಕೂತ ಯಾವ ಹುಡುಗನ ಮುಖವೂ ಹಾಗೇ ಇರುತ್ತದೆ.

ಅಂಗಳದಲ್ಲಿದ್ದರೂ ಅದು ತರಗತಿ. ಅಂಚಿನಲ್ಲೇ ನಿಲ್ಲಿ, ಅವರ ನಡುವೆ ಓಡಾಡಬೇಡಿ. ಪ್ರಾರ್ಥನಾ ಮಂದಿರದೊಳಗೆ ಕೇಳದೆ ತೆಗೆಯಬೇಡಿ. ಸ್ತೂಪ, ಪ್ರಾರ್ಥನಾ ಚಕ್ರಗಳನ್ನು ಪ್ರದಕ್ಷಿಣೆಯ ದಿಕ್ಕಲ್ಲೇ ಸುತ್ತಿ, ನಮ್ಮ ಗುಡಿಯಲ್ಲಿ ಸುತ್ತುವ ಹಾಗೇ. ಹೊಸವರ್ಷ ಲೋಸಾರ್ ಫೆಬ್ರವರಿ ಅಥವಾ ಮಾರ್ಚ್‌ನಲ್ಲಿ ಬರುತ್ತದೆ.

ಮಸೀದಿ, ದರ್ಗಾ, ಚರ್ಚುಗಳಲ್ಲಿ ಹೇಗೆ?

ಕೇಳಿದರೆ ಬೇಡ ಅಂದವರು ಕಡಿಮೆ. ಕೇಳದೆ ತೆಗೆದಾಗಲೇ ಜಗಳ ಆಗುವುದು.

ಮಸೀದಿಗೆ ನಮಾಜಿನ ಹೊತ್ತು ಬಿಟ್ಟು ಹೋಗಿ, ಹೆಂಗಸರತ್ತ ಕ್ಯಾಮೆರಾ ತಿರುಗಿಸಬೇಡಿ. ಚರ್ಚಿನಲ್ಲಿ ಪೂಜೆ ನಡೆಯುವಾಗ ಹಿಂದಿನ ಬೆಂಚಿನಲ್ಲೇ ಇರಿ, ಪ್ರಸಾದ ಸ್ವೀಕರಿಸುವ ಹೊತ್ತಿಗೆ ಕ್ಯಾಮೆರಾ ಇಳಿಸಿ. ದರ್ಗಾದಲ್ಲಿ ತಲೆಗೆ ಬಟ್ಟೆ ಇರಲಿ.

ಭಟ್ಕಳಕ್ಕೆ ಒಂದು ಪೂರ್ತಿ ದಿನ ಕೊಡಿ. ಹೊರಗಿನವರು ಈ ಊರಿನ ಬಗ್ಗೆ ಸುದ್ದಿಯಲ್ಲಿ ಓದಿದ್ದನ್ನೇ ತಲೆಯಲ್ಲಿಟ್ಟುಕೊಂಡು ಬರುತ್ತಾರೆ, ಅದು ನನಗೆ ಬೇಸರ. ನವಾಯತ ಮುಸ್ಲಿಮರ ಹಳೆಯ ಓಣಿಗಳು, ಚಿನ್ನದ ಪಳ್ಳಿ ಅಂತ ಕನ್ನಡದ ಹೆಸರೇ ಇರುವ ಜಾಮಿಯಾ ಮಸೀದಿ, ಗೋಡೆಯ ತುಂಬ ಕೆತ್ತನೆ ಇರುವ ಕೇತಪೈ ನಾರಾಯಣ ದೇವಸ್ಥಾನ, ಉದ್ದನೆಯ ಕಲ್ಲು ಚಾವಣಿಯ ಚಂದ್ರನಾಥ ಬಸದಿ, ಎಲ್ಲವೂ ಒಂದೇ ಪಟ್ಟಣದಲ್ಲಿವೆ. ಚನ್ನಪಟ್ಟಣ ಹನುಮಂತ ದೇವರ ತೇರಿಗೆ ಮುಸ್ಲಿಂ ಮನೆತನಕ್ಕೆ ಹೋಗಿ ವೀಳ್ಯ ಕೊಟ್ಟು ಕರೆಯುವ ರೂಢಿ ಇದೆ. ರಾಮನವಮಿಯ ತೇರು ಅದು. ತೇರಿನ ಗೊಂಬೆ, ಗಾಲಿ ಎಲ್ಲರೂ ತೆಗೆಯುತ್ತಾರೆ. ನೀವು ಆ ಕರೆಯುವ ಹೊತ್ತಿಗೆ ಹೋಗಿ ನಿಲ್ಲಿ.

ಕಾರವಾರದ ಆಚೆ, ಕಾಳಿ ನದಿ ದಾಟಿದರೆ ಸದಾಶಿವಗಡ. ಅಲ್ಲಿ ದುರ್ಗಾದೇವಿ ಗುಡಿಯೂ ಇದೆ, ಪೀರರ ದರ್ಗಾವೂ ಇದೆ. ಗುಡ್ಡದ ಮೇಲಿಂದ ನದಿ ಕಡಲಿಗೆ ಸೇರುವ ಜಾಗ ಸಂಜೆ ಚೆನ್ನಾಗಿ ಕಾಣುತ್ತದೆ. ಇಲ್ಲಿದ್ದ ಹಳೆಯ ಸೇತುವೆ 2024ರ ಆಗಸ್ಟ್‌ನಲ್ಲಿ ಕುಸಿದು ಬಿತ್ತು. ಆ ಸೇತುವೆಯ ಹಳೆಯ ಫೋಟೋ ನಿಮ್ಮ ಬಳಿ ಇದ್ದರೆ ಜೋಪಾನ ಮಾಡಿ.

ಸಿದ್ದಿಗಳು, ಹಾಲಕ್ಕಿಗಳ ಫೋಟೋ ತೆಗೆಯಬೇಕು. ಯಾರಾದರೂ ಕರೆದುಕೊಂಡು ಹೋಗುತ್ತಾರಾ?

ಈ ಪ್ರಶ್ನೆ ಬಹಳ ಬರುತ್ತದೆ. ಪ್ರತಿ ಸಲ ನನಗೆ ಸ್ವಲ್ಪ ನೋವಾಗುತ್ತದೆ. ಜನ ಏನು ಜಲಪಾತವಾ, ಹೋಗಿ ತೆಗೆದುಕೊಂಡು ಬರಲು?

ಯಲ್ಲಾಪುರದ ಕಡೆಯ ಒಂದು ಸಿದ್ದಿ ಕೇರಿಗೆ ಮೊದಲ ಸಲ ಹೋದಾಗ ಬಾಗಿಲಲ್ಲೇ ಒಬ್ಬ ಅಜ್ಜಿ ಕೇಳಿದರು. "ಹೋದ ವರ್ಷ ಬಂದವರು ಫೋಟೋ ಕಳಿಸ್ತೇವೆ ಅಂದಿದ್ರು. ನೀವು ತಂದಿದೀರಾ?" ಬಂದವರು ಯಾರೋ ಬೇರೆಯವರು. ಆ ಫೋಟೋದಲ್ಲಿ ಅಜ್ಜಿ ಮತ್ತು ಅವರ ತಂಗಿ ಒಟ್ಟಿಗೆ ಕೂತು ಕೌದಿ ಹೊಲಿಯುತ್ತಿದ್ದರಂತೆ. ತಂಗಿ ಆ ಮಳೆಗಾಲದಲ್ಲಿ ತೀರಿಕೊಂಡಿದ್ದರು. ಇಬ್ಬರೂ ಇರುವ ಬೇರೆ ಫೋಟೋ ಆ ಮನೆಯಲ್ಲಿ ಇರಲಿಲ್ಲ. ಎಲ್ಲೋ ಒಂದು ಊರಿನಲ್ಲಿ, ಯಾರದೋ ಕಂಪ್ಯೂಟರ್‌ನಲ್ಲಿ ಅದು ಈಗಲೂ ಇರಬಹುದು. ನಮ್ಮ ಭಾಷೆಯಲ್ಲಿ ಫೋಟೋ "ತೆಗೆಯುವುದು" ಅನ್ನುತ್ತೇವೆ. ತೆಗೆದದ್ದನ್ನು ಕೊಡಬೇಕು ಅನ್ನುವುದನ್ನು ನಾನು ಕಲಿತದ್ದು ಆ ಜಗುಲಿಯಲ್ಲಿ.

ಸಿದ್ದಿಗಳ ಹಿರಿಯರು ಆಫ್ರಿಕಾದಿಂದ ಬಂದವರು, ಬಹಳ ಜನ ಗುಲಾಮರಾಗಿ. 2003ರಲ್ಲಿ ಅವರಿಗೆ ನಮ್ಮ ಜಿಲ್ಲೆಯಲ್ಲಿ ಪರಿಶಿಷ್ಟ ಪಂಗಡದ ಮಾನ್ಯತೆ ಸಿಕ್ಕಿತು. ಹಳಿಯಾಳದ ಕಡೆ ಮುಸ್ಲಿಂ, ಕ್ರೈಸ್ತ ಸಿದ್ದಿಗಳು ಜಾಸ್ತಿ, ಯಲ್ಲಾಪುರ, ಅಂಕೋಲಾ ಕಡೆ ಹಿಂದೂ ಸಿದ್ದಿಗಳು. ಮೂರೂ ಕಡೆ ಹಿರಿಯರ ಪೂಜೆ ಇದೆ, ಡಮಾಮಿ ಅನ್ನುವ ಚರ್ಮವಾದ್ಯ ಬಾರಿಸುತ್ತಾರೆ. "ನಮಗಾಗಿ ಒಂದು ಕುಣಿತ ಮಾಡಿ" ಅಂತ ಕೇಳಬೇಡಿ. ಕೌದಿ ಬಿಸಿಲಿಗೆ ಹಾಕಿದ್ದರೆ ಅದರ ಬಗ್ಗೆ ಕೇಳಿ. ಹಳೆಯ ಸೀರೆ, ಅಂಗಿಯ ತುಂಡುಗಳಿಂದ ಹೊಲಿದದ್ದು, ಯಾವ ತುಂಡು ಯಾರದು ಅಂತ ಅವರಿಗೆ ಗೊತ್ತಿರುತ್ತದೆ. ಕೆಲವದರಲ್ಲಿ ಶಿಲುಬೆ ಕಾಣುತ್ತದೆ. ಆ ಮಾತು ಶುರುವಾದರೆ ಫೋಟೋ ತಾನಾಗಿ ಬರುತ್ತದೆ. ಕೌದಿ ಮಾರಾಟಕ್ಕಿದ್ದರೆ ಚೌಕಾಸಿ ಮಾಡದೆ ಕೊಳ್ಳಿ.

ಹಾಲಕ್ಕಿ ಒಕ್ಕಲು ಸಮುದಾಯದ ಹೆಂಗಸರ ಕೊರಳ ತುಂಬಿದ ಮಣಿಸರ ನೋಡಿ ಎಲ್ಲರೂ ಕ್ಯಾಮೆರಾ ಎತ್ತುತ್ತಾರೆ. ಹಳೆಯ ತಲೆಮಾರಿನವರು ರವಿಕೆ ಇಲ್ಲದೆ ಸೀರೆ ಉಡುತ್ತಾರೆ, ಅದು ಅವರ ಉಡುಗೆ. ಅದನ್ನೇ ತೋರಿಸಲು ಕೋನ ಹುಡುಕುವುದು ಕೆಟ್ಟ ಕೆಲಸ. ಗಿಡ ಬೆಳೆಸಿ ಹೆಸರಾದ ಅಂಕೋಲಾದ ತುಳಸಿ ಗೌಡ ಬರಿಗಾಲಲ್ಲಿ ನಡೆದು ಪದ್ಮಶ್ರೀ ತೆಗೆದುಕೊಂಡ ಚಿತ್ರ 2021ರಲ್ಲಿ ದೇಶದ ತುಂಬ ಓಡಾಡಿತು. ಆ ಚಿತ್ರದಲ್ಲಿ ಮಣಿಸರವೂ ಇದೆ, ಬರಿಗಾಲೂ ಇದೆ. ಆದರೆ ಕಣ್ಣಿಗೆ ಮೊದಲು ಬೀಳುವುದು ಅವರು ನಡೆಯುವ ಗತ್ತು. ಹಾಡುಗಳ ಕಣಜ ಆಗಿದ್ದ ಸುಕ್ರಿ ಬೊಮ್ಮಗೌಡ ಕೂಡ ಅದೇ ಸಮುದಾಯದವರು. ಇಬ್ಬರೂ ಈಗ ಇಲ್ಲ.

ಫೋಟೋ ತೆಗೆಸಿಕೊಂಡವರಿಗೆ ದುಡ್ಡು ಕೊಡಬೇಕಾ?

ಅವರ ಕೆಲಸ ನಿಲ್ಲಿಸಿ ಅರ್ಧ ದಿನ ನಿಮ್ಮ ಜೊತೆ ಇದ್ದರೆ ಕೂಲಿ ಲೆಕ್ಕದಲ್ಲಿ ಕೊಡಿ. ದಾರಿಯಲ್ಲಿ ಸಿಕ್ಕವರಿಗೆ ಬೇಡ. ಮಕ್ಕಳಿಗಂತೂ ದುಡ್ಡೂ ಚಾಕೊಲೇಟೂ ಕೊಡಬೇಡಿ, ಮುಂದಿನ ಸಲ ಶಾಲೆ ಬಿಟ್ಟು ಕಾರಿನ ಹಿಂದೆ ಓಡುತ್ತಾರೆ. ಪ್ರಿಂಟ್ ಎಲ್ಲರಿಗೂ ಕೊಡಿ.

ಯಾಣ, ಉಂಚಳ್ಳಿ, ಮಾಗೋಡು: ಯಾವುದು ಯಾವಾಗ?

"ಸೊಕ್ಕಿದ್ದವನಿಗೆ ಯಾಣ, ರೊಕ್ಕ ಇದ್ದವನಿಗೆ ಗೋಕರ್ಣ" ಅಂತ ನಮ್ಮ ಕಡೆ ಮಾತಿದೆ. ಕಾಡು, ಏರುದಾರಿ ದಾಟಿ ಹೋಗಬೇಕಿತ್ತಲ್ಲ, ಅದಕ್ಕೆ. ಈಗ ರಸ್ತೆ ಹತ್ತಿರದವರೆಗೂ ಇದೆ. ಭೈರವೇಶ್ವರ ಶಿಖರ 120 ಮೀಟರ್, ಮೋಹಿನಿ ಶಿಖರ 90 ಮೀಟರ್. ಸುಣ್ಣಕಲ್ಲೇ ಆದರೂ ಕಪ್ಪು. ಕ್ಯಾಮೆರಾ ಆ ಕಪ್ಪನ್ನು ಬೂದು ಬಣ್ಣ ಮಾಡುತ್ತದೆ, ಹಾಗಾಗಿ ಎಕ್ಸ್‌ಪೋಷರ್ ಒಂದು ಸ್ಟಾಪ್ ಕಡಿಮೆ ಇಡಿ. ಬಂಡೆಯ ಎತ್ತರ ತಿಳಿಯಬೇಕಾದರೆ ಬುಡದಲ್ಲಿ ಒಬ್ಬ ಮನುಷ್ಯ ಇರಬೇಕು, ಗಂಟೆ ಹೊಡೆಯಲು ಬರುವ ಭಕ್ತರಿಗಾಗಿ ಕಾಯಿರಿ.

ಉಂಚಳ್ಳಿಯಲ್ಲಿ ಅಘನಾಶಿನಿ 116 ಮೀಟರ್ ಧುಮುಕುತ್ತಾಳೆ. ಜುಲೈನಲ್ಲಿ ಸದ್ದು ಮಾತ್ರ ಕೇಳುತ್ತದೆ, ಮಂಜು ಬಿಟ್ಟರೆ ಏನೂ ಕಾಣುವುದಿಲ್ಲ. ಸೆಪ್ಟೆಂಬರ್ ಕೊನೆಯಿಂದ ನವೆಂಬರ್ ಸರಿಯಾದ ಕಾಲ. ಮಾಗೋಡು ಬೇಡ್ತಿ ನದಿಯದು, ಅದನ್ನು ನೋಡಿ ಸಂಜೆಗೆ ಜೇನುಕಲ್ಲು ಗುಡ್ಡಕ್ಕೆ ಹೋಗಿ. ಬೇಲಿ ದಾಟಬೇಡಿ. ಹಾವಸೆ ಹಿಡಿದ ಬಂಡೆ ಮೇಲೆ ಯಾವ ಶೂ ಕೂಡ ನಿಲ್ಲುವುದಿಲ್ಲ. ಉಂಬಳಕ್ಕೆ (ಜಿಗಣೆಗೆ) ಉಪ್ಪು, ಸುಣ್ಣ ಜೇಬಲ್ಲಿರಲಿ.

ರಾತ್ರಿ ಯಕ್ಷಗಾನ ಆಟ ತೆಗೆಯುವಾಗ ಫೋಟೋದಲ್ಲಿ ಅಡ್ಡ ಪಟ್ಟೆ ಬರುತ್ತದೆ. ಯಾಕೆ?

ರಂಗಸ್ಥಳದ ಎಲ್‌ಇಡಿ ದೀಪಗಳಿಂದ. ನಮ್ಮ ಕರೆಂಟು ಸೆಕೆಂಡಿಗೆ 50 ಸಲ ಏರಿಳಿಯುತ್ತದೆ, ಅಗ್ಗದ ದೀಪಗಳು ಅದರ ಎರಡು ಪಟ್ಟು ಮಿನುಗುತ್ತವೆ. ಎಲೆಕ್ಟ್ರಾನಿಕ್ ಶಟರ್ ಬಿಟ್ಟು ಮೆಕ್ಯಾನಿಕಲ್ ಶಟರ್ ಹಾಕಿ, ವೇಗ 1/100 ಅಥವಾ 1/50 ಇಡಿ. ಕುಣಿತ ಜೋರಾದಾಗ ಅದು ಸಾಲುವುದಿಲ್ಲ ಅಂದರೆ ಕ್ಯಾಮೆರಾದ ಆ್ಯಂಟಿ-ಫ್ಲಿಕರ್ ಆನ್ ಮಾಡಿ 1/250ಕ್ಕೆ ಹೋಗಿ, ಐಎಸ್‌ಒ 3200 ಆದರೂ ಪರವಾಗಿಲ್ಲ.

ಆದರೆ ನಿಜವಾದ ಚಿತ್ರ ಇರುವುದು ಚೌಕಿಯಲ್ಲಿ, ಅಂದರೆ ವೇಷ ಕಟ್ಟುವ ಜಾಗದಲ್ಲಿ. ಆಟಕ್ಕೆ ಎರಡು ತಾಸು ಮೊದಲು ಹೋಗಿ, ಭಾಗವತರನ್ನೋ ಮೇಳದ ಹಿರಿಯರನ್ನೋ ಕೇಳಿ ಒಂದು ಮೂಲೆಯಲ್ಲಿ ಕೂತುಕೊಳ್ಳಿ. ಚಿಕ್ಕ ಕನ್ನಡಿ ಹಿಡಿದು ತನ್ನ ಮುಖಕ್ಕೆ ತಾನೇ ಬಣ್ಣ ಬರೆದುಕೊಳ್ಳುವ ವೇಷಧಾರಿ, ಕೇದಗೆ ಮುಂದಲೆ ಅನ್ನುವ ತಲೆಯುಡುಗೆ ಕಟ್ಟುವ ಕೈ, ಗಣಪತಿ ಪೂಜೆಯ ಆರತಿ ಇವೆಲ್ಲ ಅಲ್ಲಿ. ಅಲ್ಲಿ ಯಾರನ್ನೂ "ಸ್ವಲ್ಪ ಈ ಕಡೆ ನೋಡಿ" ಅನ್ನಬೇಡಿ. ಬಣ್ಣದ ಗೆರೆ ತಪ್ಪಿದರೆ ಮತ್ತೆ ಮೊದಲಿನಿಂದ ಬರೆಯಬೇಕು.

ಕಾರವಾರದಲ್ಲಿ ಡ್ರೋನ್ ಹಾರಿಸಬಹುದಾ?

ಬೇಡ. ಅರ್ಗಾ, ಬಿಣಗಾ ಕಡೆ ಐಎನ್‌ಎಸ್ ಕದಂಬ ನೌಕಾನೆಲೆ ಇದೆ. ಹೆದ್ದಾರಿಯಿಂದಲೂ ಆ ಕಡೆ ಕ್ಯಾಮೆರಾ ತೋರಿಸಬಾರದು, ಬೋರ್ಡುಗಳನ್ನು ಓದಿ. ಒಳಗೆ ಕೈಗಾ ಅಣುಸ್ಥಾವರ ಇದೆ, ಅಲ್ಲೂ ಅಷ್ಟೇ. ಕಾಳಿ ಹುಲಿ ಸಂರಕ್ಷಿತ ಪ್ರದೇಶದಲ್ಲಿ ಅರಣ್ಯ ಇಲಾಖೆಯ ಒಪ್ಪಿಗೆ ಇಲ್ಲದೆ ಹಾರಿಸುವಂತಿಲ್ಲ. ಬೇರೆ ಜಾಗದಲ್ಲಿ ಹಾರಿಸುವ ಮೊದಲು ಸರ್ಕಾರದ ಡಿಜಿಟಲ್ ಸ್ಕೈ ಜಾಲತಾಣದ ನಕ್ಷೆಯಲ್ಲಿ ಹಸಿರು, ಹಳದಿ, ಕೆಂಪು ವಲಯ ನೋಡಿ. ಹಸಿರಿನಲ್ಲಿ 400 ಅಡಿವರೆಗೆ ಮಾತ್ರ. ಕಾನೂನು ಬಿಡುತ್ತದೆ ಅಂತ ಜಾತ್ರೆಯ ತೇರಿನ ಮೇಲೆ ಹಾರಿಸಬೇಡಿ, ಬಿದ್ದರೆ ಕೆಳಗಿರುವುದು ಜನರ ತಲೆ.

ಕಾರವಾರದಲ್ಲಿ ನೆಲದ ಮೇಲೆ ಬೇಕಾದಷ್ಟಿದೆ. ಟಾಗೋರ್ ಕಡಲತೀರದಲ್ಲಿ ಚಪಲ್ ಯುದ್ಧನೌಕೆಯ ಮ್ಯೂಸಿಯಂ ಇದೆ. ರವೀಂದ್ರನಾಥ ಟಾಗೋರ್ ಅಣ್ಣ ಇಲ್ಲಿ ಜಡ್ಜ್ ಆಗಿದ್ದಾಗ ಬಂದು ಉಳಿದಿದ್ದರು, ಅದಕ್ಕೇ ಆ ಹೆಸರು. ಬೆಳಗ್ಗೆ ದಡದಿಂದ ರಂಪಣಿ ಅನ್ನುವ ದೊಡ್ಡ ಬಲೆ ಎಳೆಯುವುದು ಕಂಡರೆ ಮೊದಲು ಹಗ್ಗಕ್ಕೆ ಕೈ ಹಾಕಿ, ಆಮೇಲೆ ಕ್ಯಾಮೆರಾ.

ಮಳೆಯಲ್ಲಿ ಕ್ಯಾಮೆರಾ ಹಾಳಾಗುವುದಿಲ್ಲವಾ?

ಮಳೆಗಿಂತ ಗಾಳಿಯ ತೇವದಿಂದಲೇ ಹಾಳಾಗುವುದು ಜಾಸ್ತಿ. ಮಲೆನಾಡಿನ ಮನೆಯಲ್ಲಿ ಜುಲೈನಲ್ಲಿ ಚಪ್ಪಲಿ, ಬೆಲ್ಟು ಎಲ್ಲದಕ್ಕೂ ಬೂಸು ಹಿಡಿಯುತ್ತದೆ, ಲೆನ್ಸಿಗೂ ಹಿಡಿಯುತ್ತದೆ. ನನ್ನ ಅಪ್ಪನ ಹಳೆಯ 50 ಎಂಎಂ ಲೆನ್ಸ್ ಒಂದೇ ಮಳೆಗಾಲದಲ್ಲಿ ಹಾಗೆ ಹೋಯಿತು. ಚರ್ಮದ ಚೀಲದಲ್ಲೇ ಇಟ್ಟದ್ದು ತಪ್ಪಾಗಿತ್ತು. ಗಾಳಿಯಾಡದ ಡಬ್ಬಿ, ಸಿಲಿಕಾ ಜೆಲ್, ತೇವ ತೋರಿಸುವ ಪುಟ್ಟ ಮೀಟರ್ ಇಷ್ಟು ಸಾಕು. 40ರಿಂದ 50 ಪ್ರತಿಶತ ಇರಲಿ. ಅಕ್ಕಿ ಡಬ್ಬದಲ್ಲಿ ಇಡಬೇಡಿ, ಹಿಟ್ಟಿನ ಧೂಳು ಒಳಗೆ ಹೋಗುತ್ತದೆ. ಎಸಿ ಕಾರಿನಿಂದ ಇಳಿದ ಕೂಡಲೇ ಲೆನ್ಸ್ ಮಂಜಾಗುತ್ತದೆ, ಹತ್ತು ನಿಮಿಷ ಚೀಲದಲ್ಲೇ ಬಿಡಿ. ಕಡಲತೀರದಿಂದ ಬಂದ ದಿನ ರಾತ್ರಿಯೇ ಒದ್ದೆ ಬಟ್ಟೆಯಲ್ಲಿ ಉಪ್ಪು ಒರೆಸಿ, ಆಮೇಲೆ ಒಣ ಬಟ್ಟೆ.

ಮೊಬೈಲ್ ಸಾಕಾ?

ಸಾಕು. ಮನೆಯೊಳಗೆ, ಗುಡಿಯ ಅಂಗಳದಲ್ಲಿ ಮೊಬೈಲಿಗೇ ಜನ ಕಡಿಮೆ ಹೆದರುತ್ತಾರೆ. ಹಕ್ಕಿ, ಆಟ, ತೇರು ಇವಕ್ಕೆ ಮಾತ್ರ ಉದ್ದ ಲೆನ್ಸ್ ಬೇಕು.

ಗುಡ್ಡ ಕುಸಿತ, ಪ್ರವಾಹ ಆದಾಗ ಫೋಟೋ ತೆಗೆಯಲು ಹೋಗಬಹುದಾ?

2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೆ, ಗಂಗಾವಳಿ ನದಿಯೊಳಗೆ ಇಳಿಯಿತು. ಚಹಾ ಅಂಗಡಿ ಇಟ್ಟು ಬದುಕುತ್ತಿದ್ದ ಕುಟುಂಬವೇ ಹೋಯಿತು. ಹುಡುಕಾಟ ವಾರಗಟ್ಟಲೆ, ತಿಂಗಳುಗಟ್ಟಲೆ ನಡೆಯಿತು. ಪತ್ರಕರ್ತರು ಹೋಗಬೇಕು, ಅದು ಅವರ ಕೆಲಸ. ಪ್ರವಾಸಕ್ಕೆ ಬಂದ ನಾವು ಹೋದರೆ ರಸ್ತೆಗೆ ಇನ್ನೊಂದು ಕಾರು ಜಾಸ್ತಿ, ಅಷ್ಟೇ. ಕೆಂಪು ಅಲರ್ಟ್ ಇರುವ ದಿನ ಘಟ್ಟದ ರಸ್ತೆಗೇ ಇಳಿಯಬೇಡಿ.

ಫೋಟೋ ಜೊತೆ ಜಾಗದ ಹೆಸರು ಹಾಕಬಹುದಾ?

ಹೆಸರಾದ ಜಾಗ ಹಾಕಿ. ದೇವರಕಾಡು, ಕಾನಿನೊಳಗಿನ ಚೌಡಿ ಕಟ್ಟೆ, ಹೆಸರಿಲ್ಲದ ಪುಟ್ಟ ಅಬ್ಬಿ (ಜಲಪಾತ), ಸಿಂಗಳೀಕ ಬರುವ ಮರ ಇವುಗಳ ಗುರುತು ಹಾಕಬೇಡಿ. ಒಂದು ಅಬ್ಬಿಯ ಚಿತ್ರ ಹರಡಿ, ಎರಡೇ ಮಳೆಗಾಲದಲ್ಲಿ ಅಲ್ಲಿ ಬಾಟಲಿ ಚೂರು ತುಂಬಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಕೆಳಗಿನ ತೋಟಕ್ಕೆ ಹೋಗುವ ನೀರು ಅದೇ.

ಪ್ರಿಂಟ್ ಕಳಿಸಬೇಕು ಅಂತೀರಿ. ಹಳ್ಳಿಗೆ ಹೇಗೆ ಕಳಿಸೋದು?

ಫೋಟೋ ತೆಗೆದ ಕೂಡಲೇ ಪುಸ್ತಕದಲ್ಲಿ ನಾಲ್ಕು ಸಾಲು ಬರೆದುಕೊಳ್ಳಿ: ಅವರ ಹೆಸರು, ಮನೆ ಅಥವಾ ಕೇರಿಯ ಹೆಸರು, ಅಂಚೆ, ತಾಲೂಕು. ಪಿನ್‌ಕೋಡ್ ಅವರಿಗೆ ಗೊತ್ತಿಲ್ಲದಿದ್ದರೆ ಊರಿನ ಸೊಸೈಟಿಯಲ್ಲೋ ಶಾಲೆಯಲ್ಲೋ ಕೇಳಿ. ವಿಳಾಸ ಕನ್ನಡದಲ್ಲೇ ಬರೆಯಿರಿ. ನಮ್ಮ ಕಡೆ ಒಂದೇ ಊರಿನಲ್ಲಿ ಒಂದೇ ಹೆಸರಿನ ನಾಲ್ವರು ಇರುತ್ತಾರೆ, ಮನೆಯ ಹೆಸರಿಲ್ಲದಿದ್ದರೆ ತಲುಪುವುದಿಲ್ಲ.

6×8 ಇಂಚಿನ ಪ್ರಿಂಟ್, ಮ್ಯಾಟ್ ಕಾಗದ. ಹೊಳಪಿನ ಕಾಗದ ಮಳೆಗಾಲದಲ್ಲಿ ಗಾಜಿಗೆ ಅಂಟಿಕೊಳ್ಳುತ್ತದೆ. ಸಾಧ್ಯವಾದರೆ ಲ್ಯಾಮಿನೇಟ್ ಮಾಡಿಸಿ, ಎರಡು ರಟ್ಟಿನ ನಡುವೆ ಇಟ್ಟು ಸ್ಪೀಡ್ ಪೋಸ್ಟ್‌ಗೆ ಹಾಕಿ. ಲ್ಯಾಮಿನೇಟ್ ಮಾಡಿಸುವ ಮೊದಲೇ ಹಿಂದೆ ಪೆನ್ಸಿಲ್‌ನಲ್ಲಿ ತಾರೀಖು, ಚಿತ್ರದಲ್ಲಿ ಇರುವವರೆಲ್ಲರ ಹೆಸರು ಬರೆಯಿರಿ. ಒಂದು ಫೋಟೋದಲ್ಲಿ ಇಬ್ಬರಿದ್ದರೆ ಎರಡು ಪ್ರತಿ ಕಳಿಸಿ.